ಊದೋ ಟೆಸ್ಟ್ ನಾರ್ಮಲ್, ಆದ್ರೂ ರಾತ್ರಿ ಉಬ್ಬಸ ಯಾಕೆ?

ಪ್ರಶ್ನೆ: ಹಾಸನದಲ್ಲಿ ಕಾಫಿ ಕ್ಯೂರಿಂಗ್ (ಬೀಜದ ಸಿಪ್ಪೆ ತೆಗೆದು ವಿಂಗಡಿಸೋ) ಕೆಲಸಕ್ಕೆ ಹೋಗ್ತೀನಿ ಡಾಕ್ಟ್ರೇ. ಹಗಲು ಸ್ವಲ್ಪ ಸೀನು, ಕೆಮ್ಮು ಅಷ್ಟೆ. ರಾತ್ರಿ ಎದೆ ಕಟ್ಟಿ ಸುಯ್ ಅನ್ನುತ್ತೆ. ಮೆಷಿನ್ನಿಗೆ ಊದಿ ಉಸಿರಿನ ಶಕ್ತಿ ಅಳೆಯೋ ಟೆಸ್ಟ್ ನಾರ್ಮಲ್ ಬಂದಿದೆ. ಅಸ್ತಮಾ ಅಲ್ಲ ತಾನೇ?

ಉತ್ತರ: ಕಾಫಿ ಕುಯ್ಲು ಮುಗೀತಿದ್ದಂಗೆ ಈ ಪ್ರಶ್ನೆ ಶುರು, ಎಲ್ರೂ ರಿಪೋರ್ಟಿನ ಫೋಟೋ ಕಳಿಸ್ತಾರೆ, ಎಷ್ಟು ಹೊತ್ತಿಗೆ ಊದಿದ್ರಿ, ಊದೋ ಮೊದ್ಲು ಏನು ತಗೊಂಡಿದ್ರಿ ಅಂತ ಮಾತ್ರ ಒಬ್ರೂ ಬರೆಯಲ್ಲ. ಬೆಳಿಗ್ಗೆ 7ಕ್ಕೆ ಸಾಲ್ಬುಟಮಾಲ್ ಪಂಪ್ (ಉಬ್ಬಸ ತಕ್ಷಣ ಇಳಿಸೋ ಇನ್ಹೇಲರ್) ಎಳ್ಕೊಂಡು 9ಕ್ಕೆ ಊದಿದ್ರೆ ಶ್ವಾಸನಾಳದ ಸ್ನಾಯು ಆಗ್ಲೇ ಸಡಿಲ ಆಗಿರುತ್ತೆ, ಅದು ಔಷಧಿ ತಂದ ನಾರ್ಮಲ್, ನಿಮ್ಮದಲ್ಲ.

ಹಸಿ ಕಾಫಿಬೀಜದ ಧೂಳು ಅಲರ್ಜಿ ತರುತ್ತೆ. ಅಲರ್ಜಿ ಇರೋರಿಗೆ ಧೂಳು ಒಳಗೆ ಹೋದ ಕೆಲವೇ ನಿಮಿಷದಲ್ಲಿ ಸ್ನಾಯು ಬಿಗಿಯುತ್ತೆ, ಅದು ಇಳಿದು ಸರಿಹೋಯ್ತು ಅಂದ್ಕೊಳ್ಳೋ ಹೊತ್ತಿಗೆ, ಅಂದ್ರೆ 4ರಿಂದ 8 ಗಂಟೆ ಆದ್ಮೇಲೆ, ಒಳಪೊರೆ ಊದ್ಕೊಂಡು ಅಂಟು ಕಫ ತುಂಬ್ಕೊಳುತ್ತೆ. ಹಗಲು ತಿಂದ ಧೂಳಿಗೆ ರಾತ್ರಿ ಉಬ್ಬಸ ಬರೋದು ಹೀಗೆ. ನೀವು ಬೆಳಿಗ್ಗೆ ಊದಿ ನಾರ್ಮಲ್ ಅಂತ ಮನೆಗೆ ಹೋದ್ರಿ.

ಒಂದ್ಸಲ ಊದಿ, 4 ಪಫ್ ಸಾಲ್ಬುಟಮಾಲ್ ಎಳ್ಕೊಂಡು, 15 ನಿಮಿಷ ಬಿಟ್ಟು ಮತ್ತೆ ಊದಿಸ್ತೀವಲ್ಲ, ಮೊದಲ ಸೆಕೆಂಡಲ್ಲಿ ಹೊರಗೆ ಬರೋ ಗಾಳಿ 12 ಪರ್ಸೆಂಟು ಮತ್ತೆ 200 ಎಂಎಲ್ ಎರಡೂ ಜಾಸ್ತಿ ಆದ್ರೆ ಅಸ್ತಮಾ ಕಡೆಗೆ ಬೊಟ್ಟು ಮಾಡುತ್ತೆ. ಜಾಸ್ತಿ ಆಗ್ಲಿಲ್ಲ ಅಂದ್ರೆ ಅಸ್ತಮಾ ಇಲ್ಲ ಅಂತಲ್ಲ! ಪಂಪ್ ಸಡಿಲಿಸೋದು ಸ್ನಾಯುನ, ಕಟ್ಕೊಂಡಿರೋ ಕಫ 15 ನಿಮಿಷದಲ್ಲಿ ಎಲ್ಲಿಗೂ ಹೋಗಲ್ಲ, ಅದಕ್ಕೆ ಸ್ಟಿರಾಯ್ಡ್ ಇನ್ಹೇಲರ್ ದಿನಾ ತಗೋಬೇಕು, ವಾರಗಟ್ಲೆ ಹಿಡಿಯುತ್ತೆ.

ಇನ್ನೂ ಅನುಮಾನ ಇದ್ರೆ ಮೆಥಕೋಲಿನ್ ಟೆಸ್ಟ್ ಇದೆ. ಸ್ನಾಯು ಬಿಗಿಸೋ ಔಷಧಿನ ಸ್ವಲ್ಪ ಸ್ವಲ್ಪವೇ ಹೆಚ್ಚಿಸ್ತಾ ಕೊಟ್ಟು, ಊದೋ ಲೆಕ್ಕ 20 ಪರ್ಸೆಂಟ್ ಇಳಿದ ತಕ್ಷಣ ನಿಲ್ಲಿಸ್ತಾರೆ. ಉಸಿರಿನ ಶಕ್ತಿ ಮೊದ್ಲೇ ಕಮ್ಮಿ ಇರೋರಿಗೆ, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದೋರಿಗೆ ಬೇಡ, ಆಕ್ಸಿಜನ್, ಡಾಕ್ಟ್ರು ಪಕ್ಕದಲ್ಲಿಲ್ಲದ ಕಡೆ ಯಾರೂ ಮಾಡಿಸ್ಕೋಬೇಡಿ. ಅದಕ್ಕಿಂತ ಮೊದ್ಲು ಒಂದು ಪೀಕ್ ಫ್ಲೋ ಮೀಟರ್ ತಗೊಳ್ಳಿ, ಎಷ್ಟು ಜೋರಾಗಿ ಊದ್ತೀರಿ ಅಂತ ಮನೇಲೇ ಅಳೆಯೋ ಪುಟ್ಟ ಕೊಳವೆ ಅದು. ಕೆಲಸಕ್ಕೆ ಹೋಗೋ 2 ವಾರ, ರಜೆಯ 2 ವಾರ, ದಿನಕ್ಕೆ 4 ಸಲ ಊದಿ ಟೈಮ್ ಸಮೇತ ಬರೆದು ತನ್ನಿ. ಆ ಹಾಳೆ ನಂಗೆ ನಿಮ್ಮ ರಿಪೋರ್ಟಿಗಿಂತ ಮುಖ್ಯ.

ಪ್ರಶ್ನೆ: ಕಪ್ಪು ಕಾಫಿ ಕುಡಿದ್ರೆ ದಮ್ಮು ಇಳಿಯುತ್ತೆ, ಪಂಪ್ ಯಾಕೆ?
ಉತ್ತರ: ಕೆಫೀನ್ ಶ್ವಾಸನಾಳನ ಚೂರು ಸಡಿಲಿಸುತ್ತೆ ನಿಜ, ಅದಕ್ಕೇ ಟೆಸ್ಟ್ ದಿನ ಕಾಫಿ ಬೇಡ ಅಂತೀನಿ, ಪಂಪಿನ ಕೆಲಸ ಅದ್ರಿಂದ ಆಗಲ್ಲ.

ಪ್ರಶ್ನೆ: ಅಪ್ಪಾಜಿಗೆ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಡ್ರಾಪ್ಸ್ ಶುರುವಾದ್ಮೇಲೆ ಉಬ್ಬಸ ಜಾಸ್ತಿ.
ಉತ್ತರ: ಬಾಟ್ಲಿ ಮೇಲೆ ಟಿಮೊಲಾಲ್ ಅಂತ ಇದ್ರೆ, ಅದು ಶ್ವಾಸನಾಳನೂ ಬಿಗಿಸುತ್ತೆ, ಇವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ ಬದಲಾಯಿಸ್ಕೊಳ್ಳಿ.

ಪ್ರಶ್ನೆ: ಸಂತೇಲಿ ಕೊಡೋ ಪುಡಿಗೆ 3 ದಿನದಲ್ಲಿ ಕಫ ಮಾಯ ಆಯ್ತು.
ಉತ್ತರ: ಹೆಸರಿಲ್ಲದ ಪುಡಿಗೆ ಸ್ಟಿರಾಯ್ಡ್ ಮಾತ್ರೆ ಅರೆದು ಸೇರಿಸಿ ಮಾರೋ ದಂಧೆ ಇದೆ, ಅದನ್ನ ನುಂಗಿ ಶುಗರ್, ಮೂಳೆ ಹಾಳ್ಮಾಡ್ಕೊಂಡು ಬರೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ತಿಂಗಳುಗಟ್ಲೆ ತಿಂದಿದ್ರೆ ದಿಢೀರ್ ಅಂತ ಬಿಡಬೇಡಿ, ಅದೂ ಅಪಾಯ. ಪೊಟ್ಟಣ ಸಮೇತ ಡಾಕ್ಟ್ರ ಹತ್ರ ಹೋಗಿ.