ಶಾಲು ಹೊದಿಸಿದರು ಸರಿ, ಪ್ರಶ್ನೆ ಕೇಳಿದರಾ?

ಪತ್ರ: ನಮ್ಮ ಶಾಸಕರು ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳನ್ನೂ ನಮ್ಮಂಥ ನಿವೃತ್ತ ಶಿಕ್ಷಕರನ್ನೂ ವೇದಿಕೆಗೆ ಕರೆಸಿ ಸನ್ಮಾನ ಮಾಡಿದರು. ವರದಿ, ಫೋಟೊ ಕಳಿಸಿದ್ದೆ. ನೀವು ಹಾಕಲಿಲ್ಲ. ಶಾಸಕರನ್ನು ಬೈಯುವುದಕ್ಕೆ ಮಾತ್ರ ನಿಮ್ಮಲ್ಲಿ ಜಾಗ ಇರುವುದೇ?
– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ತುಮಕೂರು ಜಿಲ್ಲೆ

ಉತ್ತರ: ಮೇಷ್ಟ್ರೇ, ಮೊದಲು ನಿಮಗೆ ಅಭಿನಂದನೆ. ಸನ್ಮಾನ ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ಹಳ್ಳಿ ಶಾಲೆಯ ಹುಡುಗಿಗೆ ಊರೆಲ್ಲ ಚಪ್ಪಾಳೆ ತಟ್ಟಿದರೆ ಅವಳ ತಂಗಿ ಪುಸ್ತಕ ತೆಗೆಯುತ್ತಾಳೆ. ಅಷ್ಟನ್ನು ಒಪ್ಪುತ್ತೇನೆ.

ಆದರೆ ನಿಮ್ಮ ವರದಿಯನ್ನು ಎರಡು ಸಲ ಓದಿದೆ. ಯಾರು ಸ್ವಾಗತಿಸಿದರು, ಯಾರು ನಿರೂಪಿಸಿದರು, ಯಾರು ವಂದಿಸಿದರು, ಎಲ್ಲ ಇದೆ. ಆ ಮಕ್ಕಳ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರು ಇದ್ದಾರೋ ಇಲ್ಲವೋ ಅನ್ನುವುದು ಮಾತ್ರ ಇಲ್ಲ. ಜೀವಮಾನವೆಲ್ಲ ಹಾಜರಿ ತೆಗೆದ ನೀವು ಇದನ್ನು ಬಿಡಬಹುದಾ?

ಶಾಸಕರ ಅಸಲಿ ಕೆಲಸ ನಡೆಯುವುದು ವಿಧಾನಸಭೆಯಲ್ಲಿ. ಪ್ರಶ್ನೋತ್ತರದ ಕಾಗದಗಳನ್ನು ಓದುವ ಚಟ ನನಗೆ ಬಹಳ ಹಿಂದೆ ಅಂಟಿಕೊಂಡಿದೆ. ಅವು ಜಾಲತಾಣದಲ್ಲೇ ಸಿಗುತ್ತವೆ, ಅದೂ ಕನ್ನಡದಲ್ಲಿ. ‘ಇಂಥ ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಎಡಗಡೆ ಇರುತ್ತದೆ. ‘ಬಂದಿದೆ’ ಎಂದು ಬಲಗಡೆ. ಓದಿದರೆ ನಗು ಬರುತ್ತದೆ, ನಿಜ. ಆದರೆ ಆ ಒಂದು ‘ಬಂದಿದೆ’ ಬರೆಯಲು ಇಲಾಖೆಯವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಫೋನ್ ಮಾಡಬೇಕು, ಬಿಇಒ ಲೆಕ್ಕ ತರಿಸಬೇಕು, ಸಚಿವರು ಸಹಿ ಹಾಕಬೇಕು. ಅಲ್ಲಿಯವರೆಗೆ ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದೇ ಇದ್ದ ಮಾತು ಕಾಗದದ ಮೇಲೆ ಕೂರುತ್ತದೆ. ಆಮೇಲೆ ಯಾರೂ ‘ಗೊತ್ತಿರಲಿಲ್ಲ’ ಅನ್ನುವಂತಿಲ್ಲ.

ಶಿಕ್ಷಕರನ್ನು ಗೌರವಿಸುವುದು ಅಂದರೆ ನನಗೆ ನೆನಪಾಗುವವರು ಎಚ್.ಜಿ. ಗೋವಿಂದೇಗೌಡರು. ಶೃಂಗೇರಿ ಕ್ಷೇತ್ರದ ಶಾಸಕರು, 1990ರ ದಶಕದಲ್ಲಿ ಶಿಕ್ಷಣ ಸಚಿವರು. ಅವರ ಕಾಲದಲ್ಲಿ ಸುಮಾರು ಒಂದು ಲಕ್ಷ ಶಿಕ್ಷಕರ ನೇಮಕವಾಯಿತು, ಅಂಕ ನೋಡಿ. ‘ಒಂದು ರೂಪಾಯಿ ಕೊಡದೆ ಕೆಲಸ ಸಿಕ್ಕಿತು’ ಎಂದು ಅವರ ಹೆಸರು ಹೇಳುವ ಮೇಷ್ಟ್ರುಗಳು ಇವತ್ತಿಗೂ ಸಿಗುತ್ತಾರೆ. ಅವರು ಎಷ್ಟು ಜನಕ್ಕೆ ಹಾರ ಹಾಕಿದರು ಅಂತ ಯಾರೂ ಲೆಕ್ಕ ಇಟ್ಟಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕು ಎಂದು ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಬ್ರಿಟಿಷ್ ಭಾರತದ ಶಾಸನಸಭೆಯಲ್ಲಿ ಮಸೂದೆ ತಂದರು. ಮರುವರ್ಷ ಅದು ಬಿದ್ದುಹೋಯಿತು. ಅದರ ಮರುವರ್ಷವೇ, 1913ರಲ್ಲಿ, ನಮ್ಮ ಮೈಸೂರು ಸಂಸ್ಥಾನ ಅದೇ ದಿಕ್ಕಿನಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿತು. ಅಂಥ ನೆಲದ ಶಾಸಕರು ಇವರು!

ಈಗಿನ ಮಾತಿಗೆ ಬರುತ್ತೇನೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಐದನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಪಾಠ, ಎರಡು ಭಾಷೆ ಸಾಕು, ಹೀಗೆ ಮನೆಮನೆಗೂ ತಟ್ಟುವ ಸಲಹೆಗಳು ಅದರಲ್ಲಿವೆ. ನಿಮ್ಮ ಶಾಸಕರು ಪರವೋ ವಿರೋಧವೋ? ಅಷ್ಟು ದೊಡ್ಡ ವೇದಿಕೆ, ಮೈಕು, ಎದುರಿಗೆ ಅಷ್ಟು ಜನ ತಂದೆ ತಾಯಿ. ಒಂದು ಮಾತು ಆಡಬಹುದಿತ್ತು ಅಲ್ವಾ?

ನಿಮ್ಮ ಮೇಲೂ ಒಂದು ಆಕ್ಷೇಪ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಶಿಕ್ಷಕರ ಕ್ಷೇತ್ರಗಳು, ಅಂದರೆ ಶಿಕ್ಷಕರೇ ಮತ ಹಾಕಿ ಆರಿಸುವಂಥವು. ಸಂವಿಧಾನದ 171ನೇ ವಿಧಿಯ ಪ್ರಕಾರ ಅಲ್ಲಿ ಮತ ಹಾಕಲು ಹೈಸ್ಕೂಲಿಗಿಂತ ಕೆಳಗಿನ ಶಾಲೆಯ ಶಿಕ್ಷಕರಿಗೆ ಅವಕಾಶ ಇಲ್ಲ. ಅಂದರೆ ಅ, ಆ ಕಲಿಸಿದ ನಿಮಗೆ ಸರ್ವಿಸ್ ಪೂರ್ತಿ ಆ ಮತ ಇರಲೇ ಇಲ್ಲ. ಶಾಲು ಹೊದಿಸಿಕೊಂಡ ದಿನ ಇದನ್ನು ಕೇಳಬೇಕು ಅಂತ ನಿಮಗೆ ಅನಿಸಲಿಲ್ಲವೇ? ಸಂವಿಧಾನದ ಮಾತು, ಶಾಸಕರೊಬ್ಬರ ಕೈಯಲ್ಲಿಲ್ಲ, ಒಪ್ಪಿದೆ. ಬಾಯಿ ಬಿಟ್ಟು ಹೇಳುವುದಂತೂ ಅವರ ಕೈಯಲ್ಲೇ ಇದೆ.

ತಪ್ಪು ಶಾಸಕರದ್ದು ಮಾತ್ರ ಅಲ್ಲ. ಪತ್ರಿಕೆಯವರು ನಾವೂ ಸದನದ ವರದಿಯನ್ನು ಗದ್ದಲಕ್ಕೆ ಇಳಿಸಿಬಿಟ್ಟಿದ್ದೇವೆ. ಧರಣಿ, ಸಭಾತ್ಯಾಗ, ಯಾರು ಯಾರಿಗೆ ಏನೆಂದರು, ಇಷ್ಟೇ ಸುದ್ದಿ. ಖಾಲಿ ಹುದ್ದೆ ಬಗ್ಗೆ ತಯಾರಾಗಿ ಬಂದು ಮಾತಾಡಿದ ಶಾಸಕರ ಹೆಸರು ಮಾರನೇ ದಿನ ಎಲ್ಲೂ ಇರುವುದಿಲ್ಲ. ಅದೇ ಶಾಸಕರು ಭಾನುವಾರ ಹಾರ ಹಾಕಿದರೆ ಬಣ್ಣದ ಫೋಟೊ. ಹಾಗಿರುವಾಗ ಅವರು ಯಾವುದನ್ನು ಜಾಸ್ತಿ ಮಾಡುತ್ತಾರೆ? ಬೆಳಗಾವಿಯ ಅಧಿವೇಶನಕ್ಕೆ ಹೋಗುವ ವರದಿಗಾರರೂ ಸದನದ ಒಳಗಿಗಿಂತ ಹೊರಗಿನ ಮೈಕುಗಳ ಹತ್ತಿರವೇ ಜಾಸ್ತಿ ಹೊತ್ತು ಇರುತ್ತಾರೆ.

ಮುಂದಿನ ಅಧಿವೇಶನಕ್ಕೆ ಮೊದಲು ಒಂದು ಕೆಲಸ ಮಾಡಿ. ನಿಮ್ಮ ತಾಲ್ಲೂಕಿನ ಶಾಲೆಗಳಲ್ಲಿ ಯಾವ ವಿಷಯಕ್ಕೆ ಮೇಷ್ಟ್ರಿಲ್ಲ ಎಂದು ಪಟ್ಟಿ ಬರೆದು ಶಾಸಕರ ಕೈಗೆ ಕೊಡಿ. ನಿಮ್ಮ ಮಾತು ಅವರು ತೆಗೆದುಹಾಕಲಾರರು. ಅವರು ಪ್ರಶ್ನೆ ಕೇಳಿದರೆ ಅದರ ಸಂಖ್ಯೆ, ಸಚಿವರು ಕೊಟ್ಟ ಉತ್ತರ ಎರಡನ್ನೂ ನಮಗೆ ಕಳಿಸಿ. ಶಾಸಕರ ಫೋಟೊ ಸಮೇತ ಹಾಕುತ್ತೇವೆ.

– ಸಂ.