ಭುಜದ ಮೂಳೆ ಕೂಡಿಸುವಾಗ ರಕ್ತನಾಳವನ್ನು ಕಾಯುವುದು ಹೇಗೆ?

ನಿಮ್ಮ ಪ್ರಶ್ನೆ: ಡೊಂಬಿವಲಿಯಲ್ಲಿರುವ 68 ವರ್ಷದ ತಾಯಿ ಬಚ್ಚಲಲ್ಲಿ ಜಾರಿಬಿದ್ದು ಬಲಭುಜದ ಮೂಳೆ ಮೂರು ತುಂಡಾಗಿದೆ. ಪ್ಲೇಟ್ ಹಾಕಬೇಕೆಂದಿದ್ದಾರೆ. ಒಪ್ಪಿಗೆ ಪತ್ರದಲ್ಲಿ ‘ರಕ್ತನಾಳಕ್ಕೆ ಹಾನಿಯಾಗಬಹುದು’ ಎಂಬ ಸಾಲು ಕಂಡು ಹೆದರಿದ್ದೀರಿ. ಅಷ್ಟು ಆಳದಲ್ಲಿರುವ ನಾಳ ಎಲ್ಲಿದೆಯೆಂದು ವೈದ್ಯರಿಗೆ ತಿಳಿಯುವುದು ಹೇಗೆ, ಅದನ್ನು ಕಾಯುವುದು ಹೇಗೆ ಎಂದು ಕೇಳಿದ್ದೀರಿ.

ನಾನು ಧಾರವಾಡದವನು. ಮುಂಬಯಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮೂಳೆಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದೇನೆ. ನಿಮ್ಮ ತಾಯಿಯವರ ಎಕ್ಸ್‌ರೇ ನೋಡದೆ ಅವರ ವಿಷಯದಲ್ಲಿ ತೀರ್ಪು ಕೊಡಲಾರೆ. ಆದರೆ ಆ ಸಾಲಿನ ಹಿಂದೆ ಏನಿದೆ ಎಂಬುದನ್ನು ಹೇಳಬಲ್ಲೆ.

ಮೊದಲು ಒಂದು ತಪ್ಪು ಕಲ್ಪನೆಯನ್ನು ಬಿಡಿಸುತ್ತೇನೆ. ನಾವು ದೊಡ್ಡ ನಾಳವನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದು ಎಲ್ಲಿದೆ ಎಂದು ತಿಳಿದುಕೊಂಡು ಅದರ ದಾರಿಗೆ ಹೋಗದಿರುವುದೇ ಕಾಪಾಡುವ ಬಗೆ. ಕೈಗೆ ರಕ್ತ ಒಯ್ಯುವ ಆ್ಯಕ್ಸಿಲರಿ ಅಪಧಮನಿ ಮೊದಲನೆಯ ಪಕ್ಕೆಲುಬಿನ ಹೊರ ಅಂಚಿನಿಂದ ಶುರುವಾಗಿ ಕಂಕುಳನ್ನು ಹಾದು ತೋಳಿಗೆ ಇಳಿಯುತ್ತದೆ. ಕೈಯ ನರಗಳ ಗೊಂಚಲು ಅದನ್ನು ಸುತ್ತುವರಿದಿರುತ್ತದೆ. ಭುಜದ ಮುಂಭಾಗದಲ್ಲಿ, ಕಾಲರ್ ಮೂಳೆಯ ಹೊರತುದಿಯ ಕೆಳಗೆ ಒತ್ತಿದರೆ ಬೆರಳಿಗೆ ಸಿಗುವ ಗಟ್ಟಿ ಗುಬುಟಿದೆ. ಅದರ ಹೆಸರು ಕೊರಕಾಯ್ಡ್. ನಾವು ಅದನ್ನು ಭುಜದ ದೀಪಸ್ತಂಭ ಎನ್ನುತ್ತೇವೆ. ಅದಕ್ಕೂ ಅದರಿಂದ ಇಳಿಯುವ ಸ್ನಾಯುರಜ್ಜುವಿಗೂ ಹೊರಗಡೆ ಇದ್ದಷ್ಟು ಹೊತ್ತು ದೊಡ್ಡ ನಾಳಗಳು ದೂರ. ಒಳಗಡೆಗೆ, ಎದೆಯ ಕಡೆಗೆ ದಾಟಿದರೆ ಅಪಾಯದ ಸೀಮೆ. ನನ್ನ ಕೈಕೆಳಗೆ ಕಲಿಯಲು ಬರುವ ಪ್ರತಿಯೊಬ್ಬರಿಗೂ ಚಾಕು ಕೊಡುವ ಮೊದಲು ಆ ಗುಬುಟಿನ ಮೇಲೆ ಬೆರಳಿಡಲು ಹೇಳುತ್ತೇನೆ.

ಒಳಗೆ ಹೋಗುವ ದಾರಿಯೂ ಹೆಚ್ಚಿನದು ಕತ್ತರಿಸುವ ದಾರಿಯಲ್ಲ. ಭುಜದ ಡೆಲ್ಟಾಯ್ಡ್ ಸ್ನಾಯುವಿಗೂ ಎದೆಯ ದೊಡ್ಡ ಸ್ನಾಯುವಿಗೂ ನಡುವೆ ಒಂದು ಸಂದಿ ಇದೆ. ಬಾಳೆದಿಂಡಿನ ಪದರಗಳು ಬಿಟ್ಟುಕೊಳ್ಳುವಂತೆ ಅವೆರಡೂ ಬಿಟ್ಟುಕೊಳ್ಳುತ್ತವೆ. ಆ ಸಂದಿಯನ್ನು ತೋರಿಸುವುದು ಹಳದಿ ಕೊಬ್ಬಿನ ಗೆರೆ. ಅದರೊಳಗೆ ಸಿಫ್ಯಾಲಿಕ್ ಅಭಿಧಮನಿ ಮಲಗಿರುತ್ತದೆ. ಅದಕ್ಕೆ ಸೇರುವ ಸಣ್ಣ ಕವಲುಗಳಲ್ಲಿ ಹೆಚ್ಚಿನವು ಡೆಲ್ಟಾಯ್ಡ್ ಕಡೆಯಿಂದ ಬರುವುದರಿಂದ ನಾನು ಅದನ್ನು ಹೊರಕ್ಕೆ, ಡೆಲ್ಟಾಯ್ಡ್ ಜೊತೆಗೇ ಸರಿಸುತ್ತೇನೆ. ಒಳಕ್ಕೆ ಸರಿಸುವವರೂ ಇದ್ದಾರೆ, ಅದೂ ಸರಿಯೇ.

ಇನ್ನು ಚಿಕ್ಕ ನಾಳಗಳ ಮಾತು. ನಿಮ್ಮ ತಾಯಿಯವರ ಮಟ್ಟಿಗೆ ಇದೇ ಮುಖ್ಯವಾಗಬಹುದು. ತೋಳಿನ ಮೂಳೆಯ ಕತ್ತನ್ನು ಎರಡು ನಾಳಗಳು ಮುಂದಿನಿಂದ ಒಂದು, ಹಿಂದಿನಿಂದ ಒಂದು ಬಳಸಿಕೊಂಡು ಬರುತ್ತವೆ. ಮುಂದಿನ ಅಪಧಮನಿ ತನ್ನ ಎರಡು ಅಭಿಧಮನಿಗಳೊಂದಿಗೆ ಸಬ್‌ಸ್ಕ್ಯಾಪುಲಾರಿಸ್ ಸ್ನಾಯುವಿನ ಕೆಳ ಅಂಚಿನಲ್ಲಿ ಕಾಣುತ್ತದೆ. ನಮ್ಮ ವೃತ್ತಿಯಲ್ಲಿ ಇವಕ್ಕೆ ಮೂವರು ಅಕ್ಕತಂಗಿಯರು ಎಂಬ ಹೆಸರಿದೆ. ಅದರ ಕವಲೊಂದು ಬೈಸೆಪ್ಸ್ ರಜ್ಜು ಕೂರುವ ತೋಡಿನ ಹೊರ ಅಂಚಿನಲ್ಲಿ ಮೇಲೇರಿ ಮೂಳೆಯ ತಲೆಯೊಳಗೆ, ಎಂದರೆ ಭುಜದ ಕೀಲಿನಲ್ಲಿ ಕೂರುವ ಅದರ ಗುಂಡಗಿನ ಮೇಲ್ತುದಿಯೊಳಗೆ, ಹೊಗುತ್ತದೆ. ತಲೆಗೆ ಮುಖ್ಯ ಆಧಾರ ಈ ಕವಲೇ ಎಂದು 1990ರಲ್ಲಿ ಗೆರ್ಬರ್ ಮತ್ತು ಸಂಗಡಿಗರು ಬರೆದರು. 2010ರಲ್ಲಿ ಶವಗಳ ಭುಜಗಳನ್ನು ಎಂಆರ್‌ಐನಲ್ಲಿ ಅಳೆದ ಇನ್ನೊಂದು ಅಧ್ಯಯನ ಆ ಲೆಕ್ಕವನ್ನು ತಿರುಗಿಸಿತು: ತಲೆಯ ಸುಮಾರು 64 ಪ್ರತಿಶತ ರಕ್ತ ಹಿಂದಿನ ನಾಳದಿಂದ. ಮುಂದಿನ ನಾಳ ಹರಿದಿದ್ದರೂ ಎಷ್ಟೋ ತಲೆಗಳು ಏಕೆ ಸಾಯದೆ ಉಳಿಯುತ್ತವೆ ಎಂಬುದು ಇದರಿಂದ ಅರ್ಥವಾಗುತ್ತದೆ.

ಹೀಗಾಗಿ ಪ್ಲೇಟನ್ನು ಆ ತೋಡಿನ ಮೇಲೆ ಕೂರಿಸದೆ, ಕೆಲವು ಮಿಲಿಮೀಟರ್ ಹಿಂದಕ್ಕೆ ಇಡುತ್ತೇವೆ. ಮೂಳೆಯ ತುಂಡುಗಳನ್ನು ಸುಲಿದು ಬೋಳು ಮಾಡುವುದಿಲ್ಲ. ಅಂಟಿಕೊಂಡಿರುವ ಸ್ನಾಯು ಮತ್ತು ಪೊರೆಯೊಂದಿಗೇ ಹೊಲಿಗೆ ದಾರದಿಂದ ಹಿಡಿದೆಳೆದು ಜೋಡಿಸುತ್ತೇವೆ. ಮೂಳೆಯ ಒಳಮಗ್ಗುಲನ್ನು, ಎಂದರೆ ಎದೆಯ ಕಡೆಯ ಬದಿಯನ್ನು, ಆದಷ್ಟು ಮುಟ್ಟುವುದೇ ಇಲ್ಲ. ಹರ್ಟೆಲ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ ಲೆಕ್ಕವನ್ನು ಇಂದಿಗೂ ಎಕ್ಸ್‌ರೇ ಮೇಲೆ ಹಾಕಿ ನೋಡುತ್ತೇನೆ: ತಲೆಯ ತುಂಡಿಗೆ ಒಳಮಗ್ಗುಲಲ್ಲಿ ಅಂಟಿಕೊಂಡ ಮೂಳೆ 8 ಮಿಲಿಮೀಟರಿಗಿಂತ ಕಡಿಮೆಯಿದ್ದು, ಅಲ್ಲಿ ಮುರಿದ ತುಂಡುಗಳು ಒಂದಕ್ಕೊಂದು 2 ಮಿಲಿಮೀಟರಿಗಿಂತ ಹೆಚ್ಚು ಸರಿದಿದ್ದರೆ ತಲೆಯ ರಕ್ತಸಂಚಾರ ಕೆಟ್ಟಿರುವ ಸಂಭವ ಹೆಚ್ಚು. ನಿಮ್ಮ ವೈದ್ಯರನ್ನು ಇದನ್ನೇ ಕೇಳಿ. ಅದು ಅವರಿಗೆ ಸಿಟ್ಟು ತರುವ ಪ್ರಶ್ನೆಯಲ್ಲ.

ದೊಡ್ಡ ನಾಳಕ್ಕೆ ಪೆಟ್ಟಾಗುವುದು ಅಪರೂಪ. ಆದರೂ ಆದಾಗ ಅದು ಅನೇಕ ವೇಳೆ ಆಪರೇಷನ್ ಟೇಬಲ್ಲಿನ ಮೇಲೆ ಆದದ್ದಲ್ಲ, ಬಿದ್ದ ಗಳಿಗೆಯಲ್ಲೇ ಆದದ್ದು. ಎದೆಯ ಸ್ನಾಯು ಮುರಿದ ಮೂಳೆಯ ಕೆಳತುಂಡನ್ನು ಒಳಕ್ಕೆಳೆದಾಗ ಅದರ ಚೂಪಾದ ತುದಿ ನೇರ ಕಂಕುಳ ಕಡೆಗೆ ತಿರುಗುತ್ತದೆ. ಅಲ್ಲಿ ನಾಳ ತನ್ನ ಕವಲುಗಳಿಂದ ಬಿಗಿದುಕೊಂಡಿರುವುದರಿಂದ ಪಕ್ಕಕ್ಕೆ ಜರುಗಿ ತಪ್ಪಿಸಿಕೊಳ್ಳಲಾರದು. ವಯಸ್ಸಾದವರ ನಾಳ ಗಡುಸಾಗಿ ಹಿಗ್ಗುವ ಗುಣವನ್ನೂ ಕಳೆದುಕೊಂಡಿರುತ್ತದೆ.

ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಮಳೆಗಾಲದ ರಾತ್ರಿ ಮಾಟುಂಗಾದ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಕುಂದಾಪುರ ಕಡೆಯ ಹಿರಿಯರೊಬ್ಬರು ಭುಜ ಮುರಿದುಕೊಂಡು ಬಂದರು. ಮಣಿಕಟ್ಟಿನಲ್ಲಿ ನಾಡಿ ಸಿಕ್ಕಿತು. ‘ನಾಡಿ ಇದೆ’ ಎಂದು ಬರೆದೆ. ಅವರು ಮಾತ್ರ “ಬೆರಳು ತಣ್ಣಗಾಗಿದೆ ಡಾಕ್ಟ್ರೇ” ಎಂದು ಎರಡು ಸಲ ಹೇಳಿದರು. ಬೆಳಗಿನ ಜಾವ ಬಂದ ಹಿರಿಯ ವೈದ್ಯರು “ನಾಡೀ ಪಾಹಿಲೀಸ್ ಕಾ?” ಎಂದು ಮರಾಠಿಯಲ್ಲಿ ಕೇಳಿದರು. ನೋಡಿದೆ ಎಂದೆ. “ಇನ್ನೊಂದು ಕೈಯದು?” ಎಂದರು. ಅದನ್ನು ನಾನು ನೋಡಿರಲಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದಾಗ ಮುರಿದ ಕಡೆಯ ನಾಡಿ ದಾರದಷ್ಟು ಸಣ್ಣಗಿತ್ತು. ಸಿಟಿ ಆಂಜಿಯೋಗ್ರಾಮ್‌ನಲ್ಲಿ ಕಂಕುಳ ಅಪಧಮನಿ ಮುಚ್ಚಿಹೋಗಿತ್ತು. ಹೆಗಲ ಮೂಳೆಯ ಸುತ್ತ ಹಬ್ಬಿದ ಕಿರುನಾಳಗಳ ಮೂಲಕ ಬಳಸುದಾರಿಯಲ್ಲಿ ಬಂದ ರಕ್ತವೇ ನನ್ನ ಬೆರಳಿಗೆ ನಾಡಿಯಾಗಿ ಸಿಕ್ಕಿತ್ತು. ರಕ್ತನಾಳದ ಶಸ್ತ್ರವೈದ್ಯರು ಕಾಲಿನ ಅಭಿಧಮನಿಯ ತುಂಡೊಂದನ್ನು ತಂದು ಜೋಡಿಸಿದರು. ಕೈ ಉಳಿಯಿತು. ಅಂದಿನಿಂದ ಎರಡೂ ಕೈಗಳ ನಾಡಿಯನ್ನು ಒಟ್ಟಿಗೆ ಹಿಡಿಯದೆ ನಾನು ಒಂದಕ್ಷರವನ್ನೂ ಬರೆದಿಲ್ಲ.

ಆದ್ದರಿಂದ ಆಪರೇಷನ್ ದಿನಕ್ಕಾಗಿ ಕಾಯಬೇಡಿ. ಇವತ್ತೇ ತಾಯಿಯವರ ಎರಡೂ ಅಂಗೈಗಳನ್ನು ಮುಟ್ಟಿ ನೋಡಿ. ಬಲಗೈ ಎಡಗೈಗಿಂತ ತಣ್ಣಗಿದ್ದರೆ, ಬಿಳಿಚಿದ್ದರೆ, ಬೆರಳು ಮರಗಟ್ಟಿದ್ದರೆ, ಕಂಕುಳಲ್ಲಿ ಊತ ಏರುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಹೆಸರನ್ನು ಅರಿವಳಿಕೆ ವೈದ್ಯರಿಗೂ ತಿಳಿಸಿ, ನೀವಾಗಿ ನಿಲ್ಲಿಸಬೇಡಿ.

ಇನ್ನೊಂದು ಪ್ರಶ್ನೆಯನ್ನೂ ಸಂಕೋಚವಿಲ್ಲದೆ ಕೇಳಿ: ಆಪರೇಷನ್ ಬೇಕೇ ಬೇಕೇ? 2015ರಲ್ಲಿ ಬ್ರಿಟನ್ನಿನಿಂದ ಬಂದ ಪ್ರೊಫರ್ ಎಂಬ ದೊಡ್ಡ ಅಧ್ಯಯನದಲ್ಲಿ, ತುಂಡುಗಳು ಸರಿದಿದ್ದ ಇಂಥ ಮುರಿತಗಳಲ್ಲಿ ಆಪರೇಷನ್ ಆದವರಿಗೂ ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿ ಕೈಯಿಟ್ಟು ವಾಸಿಯಾದವರಿಗೂ ಎರಡು ವರ್ಷಗಳ ಕೊನೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿರಲಿಲ್ಲ. ಕೀಲು ಜಾರಿದ್ದರೆ, ತಲೆಯೇ ಒಡೆದಿದ್ದರೆ ಮಾತು ಬೇರೆ. ನಿಮ್ಮ ತಾಯಿಯವರದು ಯಾವ ಬಗೆ ಎಂಬುದನ್ನು ಎಕ್ಸ್‌ರೇ ಮುಂದಿಟ್ಟುಕೊಂಡೇ ಹೇಳಬೇಕು. ವೈದ್ಯರ ಪಕ್ಕ ಕುಳಿತು, ಒಳಮಗ್ಗುಲಿನ ಆ ತುಣುಕು ಎಷ್ಟು ಉದ್ದವಿದೆ ಎಂದು ತೋರಿಸಲು ಕೇಳಿ.