ಗೇಮ್ ಆಡೋ ಹುಡುಗನ ಕೈಗೆ ಡ್ರೋನ್ ಕೊಡೋಣವೇ?

ಪ್ರಶ್ನೆ: ನಮ್ಮ ರೈತರ ಗುಂಪಿನಿಂದ ಭತ್ತಕ್ಕೆ ಎಣ್ಣೆ (ಕೀಟನಾಶಕ) ಹೊಡೆಯಲು 10 ಲೀಟರಿನ ಡ್ರೋನ್ ತಗೊಳ್ತಿದ್ದೇವೆ. ಇಬ್ಬರನ್ನು ತರಬೇತಿಗೆ ಕಳಿಸಬೇಕು. ಮೊಬೈಲ್ ಗೇಮಿನಲ್ಲಿ ಬಲು ಚುರುಕಾದ ಹುಡುಗನೊಬ್ಬನಿದ್ದಾನೆ, ಎಲ್ಲರೂ ಅವನ ಹೆಸರೇ ಹೇಳ್ತಾರೆ. ಸರಿನಾ?
– ಓದುಗರೊಬ್ಬರು, ಸಿಂಧನೂರು ತಾಲೂಕು

ಉತ್ತರ: ಮೊದಲು ಅವನ ವಯಸ್ಸು ಕೇಳಿ. 18 ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಡಿಜಿಸಿಎ (ವಿಮಾನ ಹಾರಾಟ ನೋಡಿಕೊಳ್ಳುವ ಕೇಂದ್ರದ ಇಲಾಖೆ) ಮಾನ್ಯತೆ ಇರುವ ಕಡೆಯೇ ಕಲಿತು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೀಬೇಕು, ಅದು 10 ವರ್ಷ ನಡೆಯುತ್ತದೆ. 250 ಗ್ರಾಂ ಒಳಗಿನ ಡ್ರೋನಿಗೆ ಈ ಸರ್ಟಿಫಿಕೇಟ್ ಬೇಡ. ಆದರೆ ನಿಮ್ಮದು ಟ್ಯಾಂಕ್ ತುಂಬಿದರೆ 25 ಕೆಜಿ ಹತ್ತಿರ ತೂಗುತ್ತದೆ, ಅಂದರೆ ಅರ್ಧ ಚೀಲ ಸಿಮೆಂಟ್ ಗದ್ದೆ ಮೇಲೆ ಹಾರಾಡಿದ ಹಾಗೆ!

ಇನ್ನು ಗೇಮ್ ವಿಷಯ. ಬೆರಳಿನ ಚುರುಕು, ಕಂಪ್ಯೂಟರಿನಲ್ಲೇ ಹಾರಿಸಿ ಕಲಿಯುವ ಸಿಮ್ಯುಲೇಟರ್ ಮುಂದೆ ಕೂತರೆ ಯಾರಿಗಾದರೂ ಬರುತ್ತದೆ. ನಾನಾದರೆ ಬೆನ್ನಿಗೆ ಪಂಪ್ ಕಟ್ಟಿಕೊಂಡು ಎಣ್ಣೆ ಹೊಡೆದು ಗೊತ್ತಿರುವವನನ್ನು ಆರಿಸುತ್ತೇನೆ. ಗಾಳಿ ಯಾವ ಕಡೆಗಿದೆ, ಪಕ್ಕದ ಹೊಲದಲ್ಲಿ ಯಾವ ಬೆಳೆ ಇದೆ ಅಂತ ಅವನ ಕಣ್ಣು ತಾನಾಗೇ ನೋಡುತ್ತದೆ. "ಈಗ ಗಾಳಿ ಜಾಸ್ತಿ ಐತಣ್ಣ, ನಾಳೆ ಮುಂಜಾನೆ ಹೊಡೆಯೋಣ" ಅಂತ ಹೊಲದ ಯಜಮಾನನ ಮುಖಕ್ಕೇ ಹೇಳೋ ಗಟ್ಟಿತನ ಮಾತ್ರ ಯಾವ ತರಬೇತಿಯಲ್ಲೂ ಸಿಗಲ್ಲ.

ಆರಿಸುವ ಮುನ್ನ ಒಂದು ಮುಂಜಾನೆ ತರಬೇತಿಗೆ ಹೋಗ್ತೀನಿ ಅನ್ನುವವರನ್ನೆಲ್ಲ ಗದ್ದೆಗೆ ಕರ್ಕೊಂಡು ಹೋಗಿ, ಬದುವಿನ ಮೇಲೆ ನಿಲ್ಲಿಸಿ. ಡ್ರೋನ್ ಬೇಕಾಗಿಲ್ಲ. ಇಲ್ಲಿ ಹಾರಿಸಿದರೆ ಏನೇನು ಅಡ್ಡ ಬರುತ್ತೆ ಅಂತ ಕೇಳಿ ಸುಮ್ನೆ ನೋಡ್ತಾ ಇರಿ. ಕರೆಂಟ್ ತಂತಿ, ಮೂಲೆಯ ಬೇವಿನ ಮರ, ಕಾಲುವೆ ಪಕ್ಕ ಕಳೆ ಕೀಳುತ್ತಿರುವ ಹೆಣ್ಣಾಳುಗಳು, ಇವನ್ನೆಲ್ಲ ಯಾರು ಮೊದಲು ತೋರಿಸ್ತಾರೋ ಅವರೇ ನಿಮ್ಮ ಪೈಲಟ್.

ಕಲಿಯುವಾಗ ಎಲ್ಲರೂ ಎಡವೋದು ಒಂದೇ ಕಡೆ. ಡ್ರೋನಿನ ಮುಖ ನಮ್ಮ ಕಡೆ ತಿರುಗಿದರೆ ಎಡ ಬಲ ಅದಲು ಬದಲು. ಎಡಕ್ಕೆ ಒತ್ತಿದರೆ ಅದು ನಮ್ಮ ಬಲಕ್ಕೆ ಹೋಗುತ್ತದೆ. ಇದು ಕೈಗೆ ಹತ್ತುವವರೆಗೆ ಟ್ಯಾಂಕಿಗೆ ಬರೀ ನೀರು ಹಾಕಿ ಹಾರಿಸಲಿ.

ಅಂದಹಾಗೆ ನೀವು ಹೆಣ್ಣುಮಕ್ಕಳ ಹೆಸರೇ ಎತ್ತಿಲ್ಲವಲ್ಲ? ಕೇಂದ್ರ ಸರ್ಕಾರದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೇ 15 ದಿನದ ತರಬೇತಿ ಇಟ್ಟಿದ್ದಾರೆ, ಅದರಲ್ಲಿ ಹಾರಿಸೋದಕ್ಕೆ 5 ದಿನ, ಬೆಳೆ ಔಷಧದ ಕೆಲಸಕ್ಕೆ 10 ದಿನ. ಯಾವುದು ಜಾಸ್ತಿ ಅಂತ ನೀವೇ ನೋಡಿ.

ಆ ಹುಡುಗನನ್ನೂ ಬಿಡಬೇಡಿ. ಮೊದಲ ಬೆಳೆಗೆ ಎದುರು ಬದುವಿನಲ್ಲಿ ನಿಂತು ಅಡ್ಡ ಬರುವುದನ್ನು ಕೂಗಿ ಹೇಳುವ ಕೆಲಸ, ಬಿಸಿ ಬ್ಯಾಟರಿ ತಣ್ಣಗಾದ ಮೇಲೆ ಚಾರ್ಜಿಗೆ ಹಾಕುವುದು, ಉಬ್ಬಿದ್ದನ್ನು ಪಕ್ಕಕ್ಕಿಡುವುದು, ಅವನಿಗೇ ಕೊಡಿ.